ಆಣೆಯಿಲ್ಲದ ಮಾತು: ಕ್ರೈಸ್ತ ಬೋಧನೆಯಲ್ಲಿ ಸತ್ಯವಚನದ ವಿಚಾರ

ಇಂಗ್ಲೆಂಡು ಮೊದಲಾದ ದೇಶಗಳ ನ್ಯಾಯಸ್ಥಾನಗಳಲ್ಲಿ ಸಾಕ್ಷಿಯ ಕೈಗೆ ಬೈಬಲ್ ಗ್ರಂಥವನ್ನು ಕೊಟ್ಟು ಪ್ರಮಾಣ ಮಾಡಿಸುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ಆದರೆ ಅದೇ ಗ್ರಂಥವನ್ನು ತೆರೆದು ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯವನ್ನು ಓದಿದವನಿಗೆ ಒಂದು ವಿಚಿತ್ರವು ಎದುರಾಗುತ್ತದೆ. ಯಾವ ಪುಸ್ತಕವನ್ನು ಹಿಡಿದು ಆಣೆಯಿಡಬೇಕೆಂದು ನ್ಯಾಯಾಧೀಶನು ಅಪ್ಪಣೆ ಮಾಡುತ್ತಾನೋ ಆ ಪುಸ್ತಕವೇ ಆಣೆಯಿಡಕೂಡದೆಂದು ವಿಧಿಸುತ್ತದೆ. ಈ ವಿರೋಧವನ್ನು ಕಂಡು ನಕ್ಕು ಸುಮ್ಮನಾದವರು ಅನೇಕರು. ಅದನ್ನು ಮನಸ್ಸಿಗೆ ಹಚ್ಚಿಕೊಂಡು ಸೆರೆಮನೆಗೆ ಹೋದವರೂ, ಆಸ್ತಿಯನ್ನು ಕಳೆದುಕೊಂಡವರೂ, ಪ್ರಾಣವನ್ನೇ ತೆತ್ತವರೂ ಉಂಟು. ಅವರ ಹಟದಿಂದ ಹುಟ್ಟಿದ ಒಂದು ಕಾನೂನಿನ ಮಾತು ಇಂದು ನಮ್ಮ ದೇಶದ ಕೋರ್ಟು ಕಚೇರಿಗಳಲ್ಲಿಯೂ ದಿನನಿತ್ಯ ಬಳಕೆಯಲ್ಲಿದೆ. ಆ ಬೋಧನೆಯ ತಿರುಳೇನು, ಆಣೆಯನ್ನು ಬೇಡವೆನ್ನುವುದಕ್ಕೂ ದೇವರಲ್ಲಿ ಭರವಸೆಯಿಡಬೇಕೆನ್ನುವುದಕ್ಕೂ ಇರುವ ಸಂಬಂಧವೇನು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದಗಳನ್ನು ನೋಡೋಣ. ಕನ್ನಡ ಬೈಬಲಿನಲ್ಲಿ ಈ ಸಂದರ್ಭಕ್ಕೆ ಬಳಸಿರುವ ಮಾತು 'ಆಣೆ'. ಇದು ಸಂಸ್ಕೃತದ 'ಆಜ್ಞಾ' ಶಬ್ದದ ತದ್ಭವ. ಅರಸನ ಅಪ್ಪಣೆಗೂ, ಅಡ್ಡಿಪಡಿಸುವ ಕಟ್ಟಳೆಗೂ ಹಳಗನ್ನಡದಲ್ಲಿ ಇದೇ ಹೆಸರು. 'ಪ್ರಮಾಣ'ಕ್ಕೆ ಅಳತೆಯೆಂದೂ ಸಾಧನೆಯೆಂದೂ ಅರ್ಥವಿದೆ. 'ಶಪಥ'ವಾದರೋ 'ಶಾಪ'ದ ಒಡಹುಟ್ಟು. ಎರಡರ ಧಾತುವೂ ಒಂದೇ. ಆಣೆಯ ಒಡಲನ್ನು ಬಿಚ್ಚಿ ತೋರಿಸುವುದು ಈ ಮೂರನೆಯ ಮಾತೇ. ನಾನು ಹೇಳಿದ್ದು ಸುಳ್ಳಾದರೆ ನನಗೆ ಇಂಥ ಕೇಡಾಗಲಿ ಎಂದು ತನ್ನ ಮೇಲೆ ತಾನೇ ಷರತ್ತಿನ ಶಾಪವನ್ನು ಹಾಕಿಕೊಳ್ಳುವುದೇ ಆಣೆ. ಯೇಸುವನ್ನು ಅರಿಯೆನೆಂದು ಪೇತ್ರನು ಮೂರನೆಯ ಸಲ ಹೇಳುವಾಗ ಅವನು ಶಪಿಸಿಕೊಂಡು ಆಣೆಯಿಟ್ಟನೆಂದು ಮತ್ತಾಯನು ಬರೆದಿರುವುದನ್ನು ಇಲ್ಲಿ ನೆನೆಯಬಹುದು. ಮೊದಲನೆಯ ಸಲ ಬರಿಯ ಮಾತು, ಎರಡನೆಯ ಸಲ ಆಣೆ, ಮೂರನೆಯ ಸಲ ಶಾಪ ಸಹಿತವಾದ ಆಣೆ. ಸುಳ್ಳು ಬಲಿತ ಹಾಗೆಲ್ಲ ಅದಕ್ಕೆ ಊರುಗೋಲುಗಳು ಹೆಚ್ಚುತ್ತ ಹೋದುವು.

ಮೋಶೆಯ ಧರ್ಮಶಾಸ್ತ್ರವು ಆಣೆಯನ್ನು ನಿಷೇಧಿಸಿರಲಿಲ್ಲ. ದೇವರ ಹೆಸರೆತ್ತಿ ಸುಳ್ಳಾಣೆ ಇಡಬಾರದೆಂದು ಯಾಜಕಕಾಂಡವೂ, ಹೊತ್ತ ಹರಕೆಯನ್ನು ತೀರಿಸಲೇಬೇಕೆಂದು ಅರಣ್ಯಕಾಂಡವೂ ಹೇಳುತ್ತವೆ. ಹರಕೆಯನ್ನೇ ಹೊರದಿದ್ದರೆ ಪಾಪವೇನೂ ಇಲ್ಲವೆಂದು ಧರ್ಮೋಪದೇಶಕಾಂಡವು ಸೇರಿಸುತ್ತದೆ. ಯೇಸುವು ಪರ್ವತಪ್ರಸಂಗದಲ್ಲಿ ಈ ಹಳೆಯ ವಿಧಿಯನ್ನು ನೆನಪಿಸಿ, ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಆಣೆಯೇ ಬೇಡ, ಆಕಾಶದ ಮೇಲೆ ಬೇಡ, ಭೂಮಿಯ ಮೇಲೆ ಬೇಡ, ಯೆರೂಸಲೇಮಿನ ಮೇಲೆ ಬೇಡ, ನಿನ್ನ ತಲೆಯ ಮೇಲೂ ಬೇಡ. ಹೌದಾದುದಕ್ಕೆ ಹೌದೆನ್ನಬೇಕು, ಅಲ್ಲವಾದುದಕ್ಕೆ ಅಲ್ಲವೆನ್ನಬೇಕು. ಅದಕ್ಕೆ ಮಿಕ್ಕ ಮಾತೆಲ್ಲ ಕೆಡುಕಿನಿಂದ ಬಂದುದು. ಬೋಧನೆಯ ಸಾರ ಇಷ್ಟೇ.

ಈ ನಾಲ್ಕು ವಸ್ತುಗಳನ್ನೇ ಎತ್ತಿ ಹೇಳಿದುದೇಕೆ? ದೇವರ ಹೆಸರನ್ನು ಉಚ್ಚರಿಸಲು ಅಂಜುತ್ತಿದ್ದ ಯೆಹೂದ್ಯರು ಅದಕ್ಕೆ ಬದಲಾಗಿ ಸುತ್ತುಮಾತುಗಳನ್ನು ಬಳಸುತ್ತಿದ್ದರು. ಕ್ರಿ. ಶ. ೨೦೦ರ ಸುಮಾರಿಗೆ ಸಂಕಲಿತವಾದ 'ಮಿಷ್ನಾ' ಎಂಬ ಧರ್ಮಸಂಹಿತೆಯಲ್ಲಿ ಆಣೆಗಳಿಗೇ ಮೀಸಲಾದ ಒಂದು ಪ್ರಕರಣವಿದೆ. ದೇವರ ನಾಮವನ್ನಾಗಲಿ ವಿಶೇಷಣವನ್ನಾಗಲಿ ಹಿಡಿದು ಸಾಕ್ಷಿಗಳಿಗೆ ಆಣೆ ಹಾಕಿದರೆ ಅದು ಅವರನ್ನು ಕಟ್ಟುತ್ತದೆ, ಆಕಾಶದ ಮೇಲೆ ಭೂಮಿಯ ಮೇಲೆ ಎಂದರೆ ಕಟ್ಟುವುದಿಲ್ಲ ಎಂಬ ವಿವೇಚನೆ ಅದರಲ್ಲಿ ಬರುತ್ತದೆ. ಸಂಹಿತೆಯು ಯೇಸುವಿನ ಕಾಲಕ್ಕಿಂತ ಈಚಿನದಾದರೂ ಇಂಥ ತಾರತಮ್ಯದ ಚರ್ಚೆ ಮೊದಲೇ ಇದ್ದಿತೆಂಬುದಕ್ಕೆ ಮತ್ತಾಯನ ಇಪ್ಪತ್ತಮೂರನೆಯ ಅಧ್ಯಾಯವೇ ಸಾಕ್ಷಿ. ದೇವಾಲಯದ ಮೇಲೆ ಆಣೆಯಿಟ್ಟರೆ ಬಾಧಕವಿಲ್ಲ, ದೇವಾಲಯದ ಚಿನ್ನದ ಮೇಲೆ ಇಟ್ಟರೆ ಬಾಧಕ. ಯಜ್ಞವೇದಿಯ ಮೇಲೆ ಇಟ್ಟರೆ ಸಡಿಲ, ವೇದಿಯ ಮೇಲಣ ಕಾಣಿಕೆಯ ಮೇಲೆ ಇಟ್ಟರೆ ಬಿಗಿ. ಇಂಥ ಲೆಕ್ಕಾಚಾರವನ್ನು ಯೇಸುವು ಅಲ್ಲಿ ಕಟುವಾಗಿ ಹಾಸ್ಯಮಾಡುತ್ತಾನೆ. ಪಂಡಿತರಿಗೆ ನ್ಯಾಯಮಾಡಿ ಒಂದು ಮಾತು ಹೇಳಬೇಕು: ಬಾಯಿಗೆ ಬಂದಂತೆ ಆಣೆಯಿಡುವ ಜನರನ್ನು ಕಂಡು, ಯಾವುದು ನಿಜವಾದ ಆಣೆ ಯಾವುದು ಬರಿಯ ರೂಢಿಯ ಮಾತು ಎಂಬುದನ್ನು ಗೊತ್ತುಮಾಡುವುದು ಅವರ ಉದ್ದೇಶವಾಗಿದ್ದಿರಬೇಕು. ಆದರೆ ಕಾನೂನಿನಲ್ಲಿ ಗೆರೆ ಎಳೆದ ಕಡೆಯೆಲ್ಲ ಅದರ ಈಚೆಯ ಬದಿಯಲ್ಲಿ ನಿಲ್ಲಲು ಜನ ಬೇಗ ಕಲಿಯುತ್ತಾರೆ. ಇದು ಆದಾಯ ತೆರಿಗೆಯ ವಿಷಯದಲ್ಲಿ ನಮಗೆಲ್ಲ ತಿಳಿದದ್ದೇ.

ಹೀಗೆ ಆಣೆಯು ಮಾತನ್ನು ಎರಡು ದರ್ಜೆಗಳಾಗಿ ಒಡೆಯುತ್ತದೆ. ಆಣೆಯೊಡನೆ ಆಡಿದ ಮಾತು ನಂಬತಕ್ಕದ್ದು ಎಂದೊಡನೆಯೇ ಆಣೆಯಿಲ್ಲದೆ ಆಡಿದ ಮಾತನ್ನು ಅಷ್ಟಾಗಿ ನಂಬಬೇಕಾಗಿಲ್ಲ ಎಂದು ಆಗುತ್ತದೆ. ಒಬ್ಬ ವ್ಯಾಪಾರಿಯು ಎರಡು ಜೊತೆ ಕಿರ್ದಿ ಖಾತೆಗಳನ್ನು ಇಟ್ಟಿದ್ದಾನೆಂದು ಭಾವಿಸೋಣ. ಒಂದು ಸರಕಾರಕ್ಕೆ ತೋರಿಸುವುದಕ್ಕೆ, ಒಂದು ತನಗೆ. ಅವುಗಳಲ್ಲಿ ಒಂದು ಅಚ್ಚುಕಟ್ಟಾಗಿ, ಪೈಸೆಗೆ ಪೈಸೆ ಸರಿಯಾಗಿದೆಯೆಂಬುದು ಅವನ ಪ್ರಾಮಾಣಿಕತೆಗೆ ಸಾಕ್ಷಿಯಾಗಲಾರದು; ಎರಡಿವೆಯೆಂಬುದೇ ಸಾಕು. ಯೇಸುವಿನ ನಿಷೇಧವು ಸುಳ್ಳಾಣೆಯ ಮೇಲಲ್ಲ, ಈ ಎರಡನೆಯ ಖಾತೆಯ ಮೇಲೆ. ಈ ದೃಷ್ಟಿಯಿಂದ ನೋಡಿದರೆ 'ಆಣೆಯಿಡಬೇಡ' ಎಂಬುದು ಒಂದು ವಿಧಿವಾಕ್ಯವನ್ನು ಬಿಡಬೇಕೆಂಬ ಸಣ್ಣ ನಿಯಮವಾಗಿ ಉಳಿಯದೆ, ದಿನದ ಇಪ್ಪತ್ತನಾಲ್ಕು ಗಂಟೆಯ ಮಾತನ್ನೂ ಸಾಕ್ಷಿಕಟ್ಟೆಗೆ ಏರಿಸುವ ದೊಡ್ಡ ನಿಯಮವಾಗುತ್ತದೆ. ಕನ್ನಡದಲ್ಲಿ ನಾವು 'ಭಾಷೆ ಕೊಟ್ಟೆ' ಎನ್ನುತ್ತೇವೆ. ನುಡಿಗೂ ನಂಬುಗೆಯ ವಾಗ್ದಾನಕ್ಕೂ ಒಂದೇ ಹೆಸರು. ಹೀಗೆ ಹೇಳುವ ಜನರಿಗೆ ಈ ಬೋಧನೆಯ ಮೊದಲರ್ಧವನ್ನು ಅರ್ಥಮಾಡಿಕೊಳ್ಳುವುದು ಕಷ್ಟವಾಗಬಾರದು.

ಉತ್ತರಾರ್ಧವು ಇನ್ನೂ ಸೂಕ್ಷ್ಮವಾದುದು. ಆಣೆಯನ್ನು ಸಾಲಕ್ಕೆ ಇಡುವ ಅಡವಿಗೆ ಹೋಲಿಸುವುದು ನನ್ನ ವೃತ್ತಿಯಲ್ಲಿರುವವನಿಗೆ ಸಹಜ. ಕೇಳುವವನಿಗೆ ನನ್ನ ಮಾತಿನಲ್ಲಿ ನಂಬಿಕೆ ಸಾಲದು. ಆದುದರಿಂದ ಮಾತಿನ ಜೊತೆಗೆ ಬೆಲೆಯುಳ್ಳ ಯಾವುದೋ ಒಂದನ್ನು ಒತ್ತೆಯಿಡುತ್ತೇನೆ. ಮಾತು ತಪ್ಪಿದರೆ ಒತ್ತೆ ಹೋಗಲಿ ಎನ್ನುತ್ತೇನೆ. ಆದರೆ ಯಾವ ಬ್ಯಾಂಕೂ ಮೊದಲು ಕೇಳುವ ಪ್ರಶ್ನೆ ಆ ವಸ್ತು ಯಾರದು ಎಂದು. ಒಡೆತನವಿಲ್ಲದವನು ಇಟ್ಟ ಅಡವು ಅಡವೇ ಅಲ್ಲ. ಈಗ ಯೇಸುವಿನ ನಾಲ್ಕು ನಿಷೇಧಗಳ ಕಾರಣಗಳನ್ನು ಒಂದೊಂದಾಗಿ ನೋಡಬೇಕು. ಆಕಾಶವು ಬೇಡ, ಅದು ದೇವರ ಸಿಂಹಾಸನ. ಭೂಮಿಯು ಬೇಡ, ಅದು ಅವನ ಪಾದಪೀಠ. ಯೆರೂಸಲೇಮು ಬೇಡ, ಅದು ಮಹಾರಾಜನ ಪಟ್ಟಣ. ಮೂರು ಒತ್ತೆಗಳಲ್ಲಿಯೂ ಒಡೆತನ ಬೇರೆಯವನದು. ನಾಲ್ಕನೆಯದಾದ ಸ್ವಂತ ತಲೆಯಾದರೂ ನಿನ್ನದೇ ಎನ್ನೋಣವೆಂದರೆ, ಅದರ ಒಂದು ಕೂದಲನ್ನು ಬೆಳ್ಳಗೆ ಅಥವಾ ಕಪ್ಪಗೆ ಮಾಡುವ ಅಧಿಕಾರವೂ ನಿನಗಿಲ್ಲ. ಹಕ್ಕಿನಲ್ಲಿ ದೋಷವಿದೆಯೆಂದು ನಾಲ್ಕು ಅರ್ಜಿಗಳನ್ನೂ ತಿರಸ್ಕರಿಸಿದಂತಾಯಿತು! ಈ ಮಾತನ್ನು ವಿನೋದಕ್ಕೆ ಹೇಳುತ್ತಿಲ್ಲ. ದಸ್ತಾವೇಜು ಸರಿಯಾಗಿರುವ ಗಿರಾಕಿಯು ಕಾಗದಗಳನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕೂರುವುದನ್ನೂ, ಕಾಗದ ಅರೆಕೊರೆಯಾಗಿರುವವನು 'ನನ್ನ ಮಕ್ಕಳಾಣೆ ಸಾರ್' ಎಂದು ಆರಂಭಿಸುವುದನ್ನೂ ಬ್ಯಾಂಕಿನ ಕೋಣೆಯಲ್ಲಿ ಕಾಣದವರಿಲ್ಲ. ಅವನು ಸುಳ್ಳುಗಾರನೇ ಆಗಬೇಕೆಂದಿಲ್ಲ. ಎಷ್ಟೋ ಸಲ ಅಂಜಿದವನು ಮಾತ್ರ. ತನ್ನ ಮಾತಿಗೆ ಬೆಲೆಯಿಲ್ಲವೆಂಬ ಅಂಜಿಕೆಯಿಂದ ತನ್ನದಲ್ಲದ ಜೀವವೊಂದನ್ನು ಒತ್ತೆಯಿಡುತ್ತಾನೆ.

ಈ ಅಂಜಿಕೆಯೇ ಆಣೆಗೂ ದೇವರ ಮೇಲಣ ಭರವಸೆಗೂ ಇರುವ ಕೊಂಡಿ. ಕೂದಲಿನ ಮಾತನ್ನು ಹೇಳಿದ ಅದೇ ಪ್ರಸಂಗದಲ್ಲಿ, ಮುಂದಿನ ಅಧ್ಯಾಯದಲ್ಲಿ, ಊಟ ಉಡುಪುಗಳ ಚಿಂತೆಯನ್ನು ಬಿಡಬೇಕೆಂಬ ಬೋಧನೆ ಬರುತ್ತದೆ. ಚಿಂತೆಯಿಂದ ಯಾರೂ ತನ್ನ ಅಳತೆಯನ್ನು ಒಂದು ಮೊಳವೂ ಹೆಚ್ಚಿಸಿಕೊಳ್ಳಲಾರನೆಂಬ ವಾದವು ಕೂದಲಿನ ವಾದದ ಅವಳಿಯಲ್ಲದೆ ಬೇರೆಯಲ್ಲ. ಆಣೆಯಿಡುವವನೂ ಚಿಂತಿಸುವವನೂ ತಮ್ಮ ಕೈಯಲ್ಲಿಲ್ಲದುದನ್ನು ಕೈಯಲ್ಲಿ ಹಿಡಿದಿದ್ದೇವೆಂದು ತಿಳಿಯುತ್ತಾರೆ. ಯಾಕೋಬನ ಪತ್ರಿಕೆಯಲ್ಲಿ ಈ ಸಂಬಂಧವು ಇನ್ನೂ ಸ್ಪಷ್ಟ. ಇಂದೋ ನಾಳೆಯೋ ಇಂಥ ಪಟ್ಟಣಕ್ಕೆ ಹೋಗಿ ಒಂದು ವರ್ಷ ವ್ಯಾಪಾರಮಾಡಿ ಲಾಭ ಗಳಿಸುತ್ತೇವೆನ್ನುವ ವರ್ತಕರನ್ನು ಅವನು ನಾಲ್ಕನೆಯ ಅಧ್ಯಾಯದಲ್ಲಿ ತಡೆದು ನಿಲ್ಲಿಸುತ್ತಾನೆ. ಜೀವವು ಹಬೆಯಂತೆ ಕ್ಷಣಕಾಲ ಕಂಡು ಮಾಯವಾಗುವಂಥದು. ದೇವರ ಚಿತ್ತವಿದ್ದರೆ ಮಾಡುತ್ತೇವೆಂದು ಹೇಳಬೇಕು ಎನ್ನುತ್ತಾನೆ. ಐದನೆಯ ಅಧ್ಯಾಯದಲ್ಲಿ, ಎಲ್ಲಕ್ಕಿಂತ ಮುಖ್ಯವಾಗಿ ಆಣೆಯಿಡಬೇಡಿರೆಂದು ಸೇರಿಸುತ್ತಾನೆ. ನಾಳೆಯ ಮೇಲೆ ಅಧಿಕಾರವಿಲ್ಲದವನು ನಾಳೆಯ ಬಗೆಗೆ ಆಣೆಯಿಡುವುದು ಹೇಗೆ? ಅವನಿಗೆ ಉಳಿದಿರುವುದು ಇಂದಿನ ಮನಸ್ಸನ್ನು ಇದ್ದಂತೆ ಹೇಳಿ, ಮಿಕ್ಕುದನ್ನು ದೇವರಿಗೆ ಬಿಡುವುದು. ನಂಬಿಕೆಯಿಲ್ಲದವನು ಈ ಕಡೆಯ ಮಾತನ್ನು ಒಪ್ಪದಿರಬಹುದು. ಆದರೆ ತರ್ಕದಲ್ಲಿ ಬಿರುಕಿದೆಯೆಂದು ಹೇಳಲಾರನು.

ಯೇಸುವೊಬ್ಬನೇ ಆ ಕಾಲದಲ್ಲಿ ಹೀಗೆ ಹೇಳಿದನೆಂದು ತಿಳಿಯಬಾರದು. ಎಸ್ಸೀನರೆಂಬ ಯೆಹೂದ್ಯ ತಪಸ್ವಿಗಳ ಪಂಗಡವು ಆಣೆಯನ್ನು ಸುಳ್ಳಾಣೆಗಿಂತಲೂ ಹೀನವೆಂದು ಎಣಿಸುತ್ತಿದ್ದಿತೆಂದು ಇತಿಹಾಸಕಾರನಾದ ಜೋಸೀಫಸನು ಬರೆದಿದ್ದಾನೆ. ದೇವರನ್ನು ಸಾಕ್ಷಿಗೆ ಕರೆಯದ ಹೊರತು ನಂಬಲಾಗದವನ ಮೇಲೆ ಆಗಲೇ ತೀರ್ಪು ಆಗಿಹೋಗಿದೆಯೆಂಬುದು ಅವರ ವಾದ. ಅರಸನಾದ ಹೆರೋದನು ಪ್ರಜೆಗಳಿಂದ ನಿಷ್ಠೆಯ ಪ್ರಮಾಣವನ್ನು ಮಾಡಿಸಿದಾಗ ಇವರಿಗೆ ವಿನಾಯಿತಿ ಕೊಟ್ಟನಂತೆ. ಆದರೆ ಪಂಗಡಕ್ಕೆ ಹೊಸದಾಗಿ ಸೇರುವವನಿಂದ ಇದೇ ಎಸ್ಸೀನರು ಭಯಂಕರವಾದ ಪ್ರಮಾಣಗಳನ್ನು ಮಾಡಿಸುತ್ತಿದ್ದರೆಂದೂ ಅದೇ ಗ್ರಂಥದಲ್ಲಿದೆ. ಆಣೆಯನ್ನು ಬಿಡುವೆನೆಂದು ಆಣೆಯಿಡಿಸುವ ಈ ಸ್ವಾರಸ್ಯವನ್ನು ಜೋಸೀಫಸನು ಗಮನಿಸಿದಂತೆ ಕಾಣುವುದಿಲ್ಲ.

ಬೈಬಲಿನಲ್ಲಿಯೇ ಈ ಬೋಧನೆಗೆ ತೊಡಕಾದ ಸ್ಥಳಗಳಿಲ್ಲದೆ ಇಲ್ಲ. ದೇವರು ತನಗಿಂತ ದೊಡ್ಡವನಿಲ್ಲದ್ದರಿಂದ ತನ್ನ ಮೇಲೆ ತಾನೇ ಆಣೆಯಿಟ್ಟನೆಂದು ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುತ್ತದೆ. ಪೌಲನು ತನ್ನ ಪತ್ರಿಕೆಗಳಲ್ಲಿ ದೇವರೇ ಸಾಕ್ಷಿಯೆಂದು ಹಲವು ಸಲ ಬರೆಯುತ್ತಾನೆ. ಮಹಾಯಾಜಕನು ಜೀವಸ್ವರೂಪನಾದ ದೇವರ ಆಣೆ ಹಾಕಿ ಕೇಳಿದಾಗ ಯೇಸುವು ಉತ್ತರ ಕೊಟ್ಟನು. ಇವೆಲ್ಲವನ್ನೂ ಮುಂದಿಟ್ಟು ಆಣೆ ಸಂಪೂರ್ಣವಾಗಿ ನಿಷಿದ್ಧವಲ್ಲವೆಂದು ವಾದಿಸಿದವರು ಬಹು ಮಂದಿ. ಎದುರು ಪಕ್ಷದವರಿಗೂ ನಿದರ್ಶನಗಳ ಕೊರತೆಯಿಲ್ಲ. ಗೆದ್ದು ಬಂದರೆ ಮನೆಯಿಂದ ಮೊದಲು ಎದುರುಗೊಳ್ಳುವುದನ್ನು ಬಲಿಕೊಡುವೆನೆಂದು ಹರಕೆ ಹೊತ್ತ ಯೆಪ್ತಾಹನಿಗೆ ಎದುರಾದವಳು ಒಬ್ಬಳೇ ಮಗಳು. ಔತಣದಲ್ಲಿ ಕುಣಿದ ಹುಡುಗಿಗೆ ಕೇಳಿದ್ದನ್ನು ಕೊಡುವೆನೆಂದು ಆಣೆಯಿಟ್ಟ ಹೆರೋದನು (ಹಿಂದೆ ಹೇಳಿದವನ ಮಗ) ಆ ಆಣೆಯ ಮಾನಕ್ಕಾಗಿ ಸ್ನಾನಿಕನಾದ ಯೋಹಾನನ ತಲೆಯನ್ನು ಕಡಿಸಿದನು. ಮಾತನ್ನು ಉಳಿಸಿಕೊಂಡು ಪಾಪಿಯಾದವರ ಕಥೆಗಳಿವು. ನನಗೆ ತೋರುವ ಮಟ್ಟಿಗೆ ಪೌಲನ ವಾಕ್ಯಗಳನ್ನು ಬದಿಗೊತ್ತಲಾಗದು. ಅವನು ಆಣೆಯನ್ನು ಚೌಕಾಸಿಗೆ ಬಳಸಲಿಲ್ಲವೆಂಬುದು ನಿಜ. ಆದರೂ ಅಕ್ಷರಶಃ ನಿಷೇಧಕ್ಕೆ ಅವು ಅಡ್ಡಿಯೇ.

ಆದಿಕಾಲದ ಕ್ರೈಸ್ತರ ನಡತೆಗೆ ಹೊರಗಿನವನೊಬ್ಬನ ಸಾಕ್ಷ್ಯ ದೊರೆಯುತ್ತದೆ. ಬಿಥೂನಿಯ ಪ್ರಾಂತದ ರೋಮನ್ ಅಧಿಪತಿಯಾದ ಪ್ಲಿನಿಯು ಕ್ರಿ. ಶ. ೧೧೨ರ ಸುಮಾರಿನಲ್ಲಿ ಚಕ್ರವರ್ತಿ ಟ್ರೇಜನನಿಗೆ ಬರೆದ ಪತ್ರದಲ್ಲಿ ತಾನು ವಿಚಾರಣೆ ನಡೆಸಿದ ಕ್ರೈಸ್ತರ ವಿಷಯವನ್ನು ತಿಳಿಸುತ್ತಾನೆ. ಅವರು ಗೊತ್ತಾದ ದಿನ ಬೆಳಗಾಗುವ ಮುನ್ನ ಕಲೆತು, ಕಳ್ಳತನ ದರೋಡೆ ವ್ಯಭಿಚಾರಗಳನ್ನು ಮಾಡುವುದಿಲ್ಲವೆಂದೂ, ಕೊಟ್ಟ ಮಾತಿಗೆ ತಪ್ಪುವುದಿಲ್ಲವೆಂದೂ, ತಮ್ಮಲ್ಲಿಟ್ಟ ಠೇವಣಿಯನ್ನು ಕೇಳಿದಾಗ ಇಲ್ಲವೆನ್ನುವುದಿಲ್ಲವೆಂದೂ ಕಟ್ಟುಮಾಡಿಕೊಳ್ಳುತ್ತಿದ್ದರಂತೆ. ಠೇವಣಿಯ ಮಾತು ಧರ್ಮಾಚರಣೆಯ ಪಟ್ಟಿಯಲ್ಲಿ ಬಂದಿರುವುದನ್ನು ಮೊದಲ ಸಲ ಓದಿದಾಗ ನನಗಾದ ಸಂತೋಷವನ್ನು ಸಮಾನವೃತ್ತಿಯವರು ಊಹಿಸಬಲ್ಲರು. ಬ್ಯಾಂಕುಗಳಿಲ್ಲದ ಕಾಲದಲ್ಲಿ ಪಯಣ ಹೋಗುವವನು ನೆರೆಯವನ ಬಳಿ ಗುಟ್ಟಾಗಿ ಹಣವಿಟ್ಟರೆ ಅದಕ್ಕೆ ಪತ್ರವೂ ಇಲ್ಲ, ಸಾಕ್ಷಿಯೂ ಇಲ್ಲ. ಒಂದು 'ಹೌದು' ಅಥವಾ ಒಂದು 'ಇಲ್ಲ' ಮಾತ್ರ ಇದೆ. ಪ್ಲಿನಿಯು ಈ ಕಟ್ಟನ್ನು ಹೇಳಲು ಬಳಸಿದ ಲ್ಯಾಟಿನ್ ಶಬ್ದವು ಸೈನಿಕರ ಪ್ರಮಾಣಕ್ಕೆ ಬಳಸುವಂಥದು ಎಂಬುದೊಂದು ವಿಪರ್ಯಾಸ.

ರೋಮನ್ ಸಾಮ್ರಾಜ್ಯವೇ ಕ್ರೈಸ್ತವಾದ ಮೇಲೆ ಬೋಧನೆಯ ಬಿಗಿ ಸಡಿಲಿತು. ಕ್ರಿ. ಶ. ೩೮೭ರಲ್ಲಿ ಅಂತಿಯೋಕ್ಯ ನಗರದ ಜನರು ದಂಗೆಯೆದ್ದು ಚಕ್ರವರ್ತಿಯ ವಿಗ್ರಹಗಳನ್ನು ಕೆಡವಿ, ಬರಲಿರುವ ದಂಡನೆಗಾಗಿ ನಡುಗುತ್ತಿದ್ದಾಗ, ಉಪದೇಶಕನಾದ ಕ್ರಿಸೋಸ್ತೋಮನು ಮತ್ತೆ ಮತ್ತೆ ಆಣೆಯಿಡುವ ಚಾಳಿಯನ್ನು ಬಿಡಿರೆಂದು ಬೋಧಿಸಿದನು. ತಲೆ ಹೋಗುವ ಹೊತ್ತಿನಲ್ಲಿ ಇದೇನು ಮಾತೆಂದು ಕೇಳುವವರಿಗೆ ಬೇಸರವಾಗಿದ್ದಿರಬೇಕು. ಅಗಸ್ಟೀನನು ಇನ್ನಷ್ಟು ಮೆಲ್ಲಗೆ ಹೇಳಿದನು: ನಿಜದ ಆಣೆಯು ಪಾಪವಲ್ಲ, ಆದರೆ ಅದು ಸುಲಭವಾಗಿ, ಸುಲಭವು ರೂಢಿಯಾಗಿ, ರೂಢಿಯು ಸುಳ್ಳಾಣೆಗೆ ಜಾರುವುದರಿಂದ ದೂರವಿರುವುದೇ ಲೇಸು. ಹದಿಮೂರನೆಯ ಶತಮಾನದ ಥಾಮಸ್ ಅಕ್ವೈನಸನು ಅದನ್ನು ಔಷಧಕ್ಕೆ ಹೋಲಿಸಿದನು. ಬೇನೆಯಿದ್ದಾಗ ಬೇಕು, ಊಟದಂತೆ ದಿನವೂ ಬೇಡ. ಸಭೆಯ ಬಹುಮತವು ಇಲ್ಲಿಗೇ ನಿಂತಿತು. ೧೫೭೧ರಲ್ಲಿ ಸ್ಥಿರಪಟ್ಟ ಇಂಗ್ಲೆಂಡಿನ ಸಭೆಯ ಮೂವತ್ತೊಂಬತ್ತು ಸೂತ್ರಗಳಲ್ಲಿ ಕಡೆಯದು, ಅಧಿಕಾರಿಯು ಕೇಳಿದಾಗ ಆಣೆಯಿಡಬಹುದೆಂದು ಸ್ಪಷ್ಟವಾಗಿ ಅನುಮತಿ ಕೊಡುತ್ತದೆ.

ಅಕ್ಷರಶಃ ಪಾಲಿಸಿದವರು ಚಿಕ್ಕ ಪಂಗಡದವರು. ೧೫೨೭ರ ಫೆಬ್ರವರಿಯಲ್ಲಿ ಶ್ಲೈಟ್‌ಹೈಮ್ ಎಂಬಲ್ಲಿ ಅನಬ್ಯಾಪ್ಟಿಸ್ಟರು ಒಪ್ಪಿದ ಏಳು ಸೂತ್ರಗಳಲ್ಲಿ ಏಳನೆಯದು ಆಣೆಯ ನಿಷೇಧ. ತನ್ನಲ್ಲಿನ ಅತ್ಯಲ್ಪವನ್ನೂ ಬದಲಿಸಲಾರದ ಮನುಷ್ಯನು ಆಣೆಯಲ್ಲಿ ಮಾತುಕೊಟ್ಟುದನ್ನು ನಡೆಸಿಕೊಡಲು ಸಮರ್ಥನಲ್ಲವೆಂಬುದು ಅವರು ಕೊಟ್ಟ ಕಾರಣ. ಇದು ಮೇಲೆ ಹೇಳಿದ ಒಡೆತನದ ವಾದವೇ. ಸ್ಟ್ರಾಸ್‌ಬರ್ಗಿನಂಥ ನಗರಗಳಲ್ಲಿ ಪೌರರು ವರ್ಷವರ್ಷವೂ ಕೂಡಿ ಪ್ರಮಾಣಮಾಡುವುದರ ಮೇಲೆಯೇ ನಗರದ ಒಗ್ಗಟ್ಟು ನಿಂತಿದ್ದ ಕಾಲವದು. ಆಣೆಯಿಡದವನು ರಾಜದ್ರೋಹಿಯಂತೆ ಕಂಡುದು ಆಶ್ಚರ್ಯವಲ್ಲ. ಸೂತ್ರಗಳ ಕರ್ತೃವೆನ್ನಲಾದ ಮೈಕೇಲ್ ಸ್ಯಾಟ್ಲರನನ್ನು ಅದೇ ವರ್ಷದ ಮೇ ತಿಂಗಳಲ್ಲಿ ಚಿತ್ರಹಿಂಸೆ ಮಾಡಿ ಸುಟ್ಟರು. ಅವನ ಮೇಲಣ ಆಪಾದನೆಗಳಲ್ಲಿ ಆಣೆಯ ವಿಷಯವೂ ಒಂದು.

ಇಂಗ್ಲೆಂಡಿನಲ್ಲಿ ಈ ಹೋರಾಟವನ್ನು ಕೈಗೊಂಡವರು ಕ್ವೇಕರರು. ಜಾರ್ಜ್ ಫಾಕ್ಸನು ಹದಿನೇಳನೆಯ ಶತಮಾನದ ನಡುವೆ ಆರಂಭಿಸಿದ ಈ 'ಸ್ನೇಹಿತರ ಸಂಘ'ದವರಿಗೆ ಮಾತಿನ ಸತ್ಯವು ಒಂದು ವ್ರತ. ಒಬ್ಬನೇ ವ್ಯಕ್ತಿಯನ್ನು ಬಹುವಚನದಿಂದ ಕರೆಯುವುದೂ ಸುಳ್ಳೆಂದು ಅವರು ನ್ಯಾಯಾಧೀಶನನ್ನೂ ಏಕವಚನದಲ್ಲಿ ಮಾತನಾಡಿಸುತ್ತಿದ್ದರು. (ಕನ್ನಡಿಗರಲ್ಲಿ ಈ ವ್ರತ ನಡೆಯಲಾರದು; ನಮಗೆ ಬಹುವಚನವು ಲೆಕ್ಕವಲ್ಲ, ಮರ್ಯಾದೆ.) ೧೬೦೫ರ ಸಿಡಿಮದ್ದಿನ ಒಳಸಂಚಿನ ತರುವಾಯ ಕ್ಯಾಥೊಲಿಕರನ್ನು ಗುರುತಿಸುವುದಕ್ಕಾಗಿ ಹೊರಡಿಸಿದ ರಾಜನಿಷ್ಠೆಯ ಪ್ರಮಾಣವು ಇವರನ್ನು ಹಿಡಿಯುವ ಬಲೆಯಾಯಿತು. ೧೬೬೨ರಲ್ಲಿ ಇವರಿಗಾಗಿಯೇ ಒಂದು ಕಾಯಿದೆಯೂ ಬಂದಿತು. ಬೇರೆ ಅಪರಾಧವು ಸಿಕ್ಕದಿದ್ದರೆ ಪ್ರಮಾಣವನ್ನು ಮುಂದೊಡ್ಡಿದರೆ ಸಾಕು, ಕ್ವೇಕರನು ತಾನಾಗಿಯೇ ಸೆರೆಗೆ ನಡೆಯುತ್ತಿದ್ದನು. ೧೬೬೪ರಲ್ಲಿ ಲ್ಯಾಂಕಾಸ್ಟರಿನ ನ್ಯಾಯಸ್ಥಾನದಲ್ಲಿ ಫಾಕ್ಸನ ಕೈಗೆ ಪುಸ್ತಕವನ್ನು ಕೊಟ್ಟಾಗ ಅವನು, ಆಣೆ ಬೇಡವೆನ್ನುವ ನನ್ನನ್ನು ಹಿಡಿದಿದ್ದೀರಿ, ಅದನ್ನೇ ಹೇಳುವ ಈ ಪುಸ್ತಕವನ್ನು ಮಾತ್ರ ಸ್ವತಂತ್ರವಾಗಿ ಬಿಟ್ಟಿದ್ದೀರೇಕೆ ಎಂಬರ್ಥದ ಪ್ರಶ್ನೆಯನ್ನು ಕೇಳಿದನು. ಅದೇ ವರ್ಷ ಅದೇ ಊರಿನಲ್ಲಿ ಮಾರ್ಗರೆಟ್ ಫೆಲ್ ಎಂಬ ವಿಧವೆಗೆ ಆಸ್ತಿಯ ಮುಟ್ಟುಗೋಲು, ರಾಜನಿಗೆ ತೋರಿದಷ್ಟು ಕಾಲ ಸೆರೆ ಎಂಬ ಶಿಕ್ಷೆಯಾಯಿತು. ಆಕೆ ೧೬೬೮ರವರೆಗೆ ಕೋಟೆಯ ಸೆರೆಯಲ್ಲಿದ್ದಳು. ಪ್ರಮಾಣಮಾಡದವನಿಗೆ ಸಾಕ್ಷಿ ಹೇಳುವ ಅರ್ಹತೆಯಿಲ್ಲ, ಉಯಿಲನ್ನು ಸಾಧಿಸಿಕೊಳ್ಳುವಂತಿಲ್ಲ, ತನ್ನ ಸಾಲಗಾರನ ಮೇಲೆ ನಡೆಸಿದ ದಾವೆ ನಿಲ್ಲುವಂತಿಲ್ಲ. ಕ್ವೇಕರನಿಗೆ ಮೋಸಮಾಡಬೇಕೆಂದು ಬಯಸುವವನಿಗೆ ಇದಕ್ಕಿಂತ ಅನುಕೂಲ ಬೇರೇನು ಬೇಕು?

ಆದರೂ ಇವರು ವ್ಯಾಪಾರದಲ್ಲಿ ಮೇಲಕ್ಕೆ ಬಂದರು. ಒಂದು ಕಾರಣವು ಬೆಲೆ. ಅಂಗಡಿಯವನು ಎಂಟು ಹೇಳಿ ಐದಕ್ಕೆ ಕೊಡುವ ಕಾಲದಲ್ಲಿ ಕ್ವೇಕರ್ ವರ್ತಕನು ಒಂದೇ ಬೆಲೆಯನ್ನು ಹೇಳಿದನು. ಐದಕ್ಕೆ ಕೊಡಲು ಒಪ್ಪುವವನು ಎಂಟು ಎಂದುದು ಸುಳ್ಳಲ್ಲವೇ ಎಂಬುದು ಅವನ ವಾದ. 'ಹೌದು' ಎಂಬುದು ಹೌದಾಗಿರಬೇಕಾದರೆ ಎಂಟು ಎಂಬುದೂ ಎಂಟೇ ಆಗಿರಬೇಕು. ಮೊದಮೊದಲು ಗಿರಾಕಿಗಳು ಬಿಟ್ಟುಹೋದರೆಂದೂ, ಬರಬರುತ್ತ ಸಣ್ಣ ಮಗುವನ್ನು ಕಳಿಸಿದರೂ ಮೋಸವಾಗದೆಂದು ತಿಳಿದು ಅವರಲ್ಲಿಗೇ ಬಂದರೆಂದೂ ಫಾಕ್ಸನ ದಿನಚರಿಯಿಂದ ತಿಳಿದುಬರುತ್ತದೆ. ಮುಂಬಯಿಯ ಅಂಗಡಿಗಳಲ್ಲಿ 'ಏಕ್ ದಾಮ್' ಎಂಬ ಹಲಗೆಯನ್ನು ಕಂಡಾಗ ನನಗೆ ಈ ಕಥೆ ನೆನಪಾಗುವುದುಂಟು. ಹಲಗೆಯ ಕೆಳಗೆ ನಿಂತು ಚೌಕಾಸಿ ಮಾಡುವವರನ್ನು ಕಂಡಾಗ ಇನ್ನೂ ಹೆಚ್ಚಾಗಿ. ಲಂಡನ್ನಿನ ಲೊಂಬಾರ್ಡ್ ಬೀದಿಯಲ್ಲಿ ೧೬೯೦ರಲ್ಲಿ ಜಾನ್ ಫ್ರೀಮ್ ಮತ್ತು ಥಾಮಸ್ ಗೌಲ್ಡ್ ಎಂಬ ಕ್ವೇಕರ್ ಅಕ್ಕಸಾಲಿಗರು ನಡೆಸುತ್ತಿದ್ದ ವ್ಯವಹಾರವು ಬಾರ್ಕ್‌ಲೇಸ್ ಬ್ಯಾಂಕಿನ ಮೂಲ. ೧೭೬೫ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಲಾಯ್ಡ್ಸ್ ಬ್ಯಾಂಕನ್ನು ಹುಟ್ಟುಹಾಕಿದವರಲ್ಲಿ ಸ್ಯಾಮ್ಸನ್ ಲಾಯ್ಡನೂ ಕ್ವೇಕರನೇ. ಇದೆಲ್ಲವೂ ಸತ್ಯದ ಪ್ರತಿಫಲವೆಂದು ಹೇಳಿಬಿಡುವುದು ಅತಿಶಯೋಕ್ತಿ. ಪ್ರಮಾಣ ಮಾಡದವರಿಗೆ ವಿಶ್ವವಿದ್ಯಾಲಯಗಳೂ ಸರಕಾರಿ ಹುದ್ದೆಗಳೂ ಮುಚ್ಚಿದ್ದರಿಂದ ಅವರಿಗೆ ವ್ಯಾಪಾರವೊಂದೇ ತೆರೆದಿದ್ದ ಬಾಗಿಲು. ಕ್ವೇಕರ್ ಮನೆತನವಾದ ಗರ್ನಿಯವರ ಹೆಸರನ್ನು ಹೊತ್ತ ಓವರೆಂಡ್ ಗರ್ನಿ ಸಂಸ್ಥೆಯು ೧೮೬೬ರ ಮೇ ೧೦ರಂದು ಸುಮಾರು ಒಂದು ಕೋಟಿ ಹತ್ತು ಲಕ್ಷ ಪೌಂಡುಗಳ ಹೊಣೆಯೊಡನೆ ಬಾಗಿಲು ಮುಚ್ಚಿದುದನ್ನೂ ಮರೆಯಲಾಗದು. ಅಜ್ಜಂದಿರು ಗಳಿಸಿದ ನಂಬಿಕೆಯನ್ನು ಮೊಮ್ಮಕ್ಕಳು ಅಡವಿಟ್ಟರು; ಅದಕ್ಕೂ ಒಂದು ಮಿತಿಯಿದ್ದಿತು.

ಪಾರ್ಲಿಮೆಂಟು ಕೊನೆಗೆ ಮಣಿಯಿತು. ೧೬೯೬ರ ಕಾಯಿದೆಯು ಕ್ವೇಕರರಿಗೆ ಪ್ರಮಾಣಕ್ಕೆ ಬದಲಾಗಿ ದೃಢವಚನವನ್ನು ನುಡಿಯುವ ಅವಕಾಶವಿತ್ತಿತು. ಆದರೆ ಆ ವಾಕ್ಯದಲ್ಲಿ ಸರ್ವಶಕ್ತನಾದ ದೇವರ ಸನ್ನಿಧಿಯ ಉಲ್ಲೇಖವಿದ್ದಿತು. ಇದೂ ವೇಷ ಬದಲಿಸಿದ ಆಣೆಯೇ ಎಂದು ಅವರಲ್ಲಿ ಅನೇಕರು ಒಪ್ಪಲಿಲ್ಲ. ಸ್ವಂತ ಪಕ್ಷದಲ್ಲಿಯೇ ಇಪ್ಪತ್ತಾರು ವರ್ಷ ನಡೆದ ಈ ವಿವಾದವು ಹೊರಗಿನವರಿಗೆ ಕೂದಲು ಸೀಳುವ ತರ್ಕವಾಗಿ ಕಂಡಿರಬಹುದು. ವಿಷಯವು ಕೂದಲಿನದೇ ಅಲ್ಲವೇ! ೧೭೨೨ರಲ್ಲ�� ದೇವರ ಹೆಸರಿಲ್ಲದ ಸರಳವಾದ ವಾಕ್ಯವು ದೊರೆಯಿತು. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಅದು ಸಲ್ಲತೊಡಗಿದ್ದು ೧೮೨೮ರಲ್ಲಿ. ಅದನ್ನು ನುಡಿದು ಜೋಸೆಫ್ ಪೀಸನು ಪಾರ್ಲಿಮೆಂಟಿನಲ್ಲಿ ಕುಳಿತದ್ದು ೧೮೩೩ರಲ್ಲಿ. ಮುಂದೆ ಅದೇ ದಾರಿಯಲ್ಲಿ ನಾಸ್ತಿಕನೊಬ್ಬನು ಬಂದನು. ೧೮೮೦ರಲ್ಲಿ ಚುನಾಯಿತನಾದ ಚಾರ್ಲ್ಸ್ ಬ್ರಾಡ್ಲಾನು ದೃಢವಚನವನ್ನು ಕೇಳಿದನು, ಕೊಡಲಿಲ್ಲ. ಹಾಗಾದರೆ ಪ್ರಮಾಣವನ್ನೇ ಮಾಡುವೆನೆಂದನು, ದೇವರನ್ನು ನಂಬದವನಿಗೆ ಅದೂ ಇಲ್ಲವೆಂದರು. ಮತ್ತೆ ಮತ್ತೆ ಚುನಾಯಿತನಾಗಿ ೧೮೮೬ರಲ್ಲಿ ಅವನು ಸ್ಥಾನವನ್ನು ಪಡೆದನು. ಯಾರು ಬೇಕಾದರೂ ಪ್ರಮಾಣಕ್ಕೆ ಬದಲು ದೃಢವಚನವನ್ನು ನುಡಿಯಬಹುದೆಂಬ ಕಾಯಿದೆಯನ್ನು ೧೮೮೮ರಲ್ಲಿ ಮಾಡಿಸಿದನು. ಮರುವರ್ಷದ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ನೆರೆದ ಕಾಂಗ್ರೆಸ್ ಅಧಿವೇಶನಕ್ಕೆ ಬಂದ ಬ್ರಾಡ್ಲಾ ಇವನೇ.

ಭಾರತದಲ್ಲಿ ದೃಢವಚನವು ಬೇರೊಂದು ಕಾರಣದಿಂದ ಇದಕ್ಕೂ ಮುಂಚೆಯೇ ಬಂದಿದ್ದಿತು. ಗಂಗೋದಕವನ್ನು ಮುಟ್ಟಿಯೋ ಕುರಾನನ್ನು ಹಿಡಿದೋ ಪ್ರಮಾಣ ಮಾಡಬೇಕೆಂದು ಬಲವಂತಪಡಿಸುವುದರಿಂದ ಜನರ ಮನಸ್ಸು ನೊಂದು ನ್ಯಾಯಕ್ಕೆ ಅಡ್ಡಿಯಾಗುತ್ತಿದೆಯೆಂದು ೧೮೪೦ರ ಐದನೆಯ ಕಾಯಿದೆಯು ಹಿಂದೂಗಳಿಗೂ ಮುಸಲ್ಮಾನರಿಗೂ ದೃಢವಚನವನ್ನು ವಿಧಿಸಿತು. ೧೮೭೩ರ ಪ್ರಮಾಣ ಕಾಯಿದೆಯಲ್ಲಿ ಮತ್ತೊಂದು ಕುತೂಹಲಕರವಾದ ಏರ್ಪಾಡಿದ್ದಿತು. ಎದುರಾಳಿಯು ಇಂಥ ವಿಶೇಷವಾದ ಆಣೆಯನ್ನು ಇಟ್ಟರೆ ಅದಕ್ಕೆ ಕಟ್ಟುಬೀಳುವೆನೆಂದು ಒಬ್ಬ ಪಕ್ಷಗಾರನು ಹೇಳಬಹುದು. ಎದುರಾಳಿಯು ಹಾಗೆ ಆಣೆಯಿಟ್ಟು ನುಡಿದರೆ ಕೇಳಿದವನ ಮಟ್ಟಿಗೆ ಆ ನುಡಿಯು ಖಂಡಿತವಾದ ಸಾಧನೆ, ಮುಂದೆ ವಿಚಾರಣೆಯಿಲ್ಲ. ಧರ್ಮಸ್ಥಳದ ಆಣೆಮಾತನ್ನು ಬಲ್ಲ ದಕ್ಷಿಣ ಕನ್ನಡದವರಿಗಾಗಲಿ, ಚಾಳುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯಲ್ಲಿ ದಿವ್ಯಪರೀಕ್ಷೆಗಳ ಪ್ರಕರಣವನ್ನು ಓದಿದವರಿಗಾಗಲಿ ಇದು ಹೊಸದಾಗಿ ಕಾಣದು. ಆದರೆ ಆ ಕಾಯಿದೆಯೂ ಒಂದು ಎಲ್ಲೆ ಹಾಕಿದ್ದಿತು: ಆಣೆಯು ಮೂರನೆಯ ವ್ಯಕ್ತಿಯನ್ನು ತಾಗಕೂಡದು. ಮಗುವಿನ ತಲೆಯನ್ನು ಮುಟ್ಟಿ ಆಣೆಯಿಡುವುದಕ್ಕೆ ಬ್ರಿಟಿಷರ ಕಾನೂನಿನಲ್ಲಿಯೂ ಎಡೆಯಿರಲಿಲ್ಲ.

೧೯೬೯ರ ಪ್ರಮಾಣ ಕಾಯಿದೆಯು ಹಳೆಯದನ್ನು ರದ್ದುಮಾಡಿ ಈ ವಿಶೇಷ ಆಣೆಯನ್ನೂ ಕೈಬಿಟ್ಟಿತು. ಈಗ ಸಾಕ್ಷಿಯು ದೇವರ ಹೆಸರಿನಲ್ಲಿ ಪ್ರಮಾಣವನ್ನಾದರೂ ಮಾಡಬಹುದು, ದೃಢವಚನವನ್ನಾದರೂ ನುಡಿಯಬಹುದು. ಗೀತೆಯ ಮೇಲೆ ಕೈಯಿಡಿಸುವ ದೃಶ್ಯವು ಸಿನೆಮಾದವರ ಕೊಡುಗೆ. ಕಾಯಿದೆಯ ನಮೂನೆಯಲ್ಲಿ ಯಾವ ಗ್ರಂಥದ ಮಾತೂ ಇಲ್ಲ. ರಾಜ್ಯಾಂಗದ ಮೂರನೆಯ ಅನುಸೂಚಿಯಲ್ಲಿ ಮಂತ್ರಿಗಳಿಗೂ ಶಾಸನಸಭಾಸದರಿಗೂ ಇದೇ ಎರಡು ದಾರಿಗಳನ್ನು ಇಟ್ಟಿದ್ದಾರೆ. ಭಾರತೀಯ ಸ್ಟೇಟ್ ಬ್ಯಾಂಕಿನ ೧೯೫೫ರ ಕಾಯಿದೆಯು ನೌಕರರಿಗೆ ವಿಧಿಸಿರುವ ನಿಷ್ಠೆ ಮತ್ತು ಗೋಪ್ಯತೆಯ ಬರಹವಂತೂ ಘೋಷಣೆ ಮಾತ್ರ, ಆಣೆಯಲ್ಲ. ನಮ್ಮ ಜೇಬಿನ ನೋಟಿನ ಮೇಲೆ ಹೊಂದಿದವನಿಗೆ ಇಷ್ಟು ರೂಪಾಯಿ ಕೊಡುವೆನೆಂದು ರಿಜರ್ವ್ ಬ್ಯಾಂಕಿನ ಗವರ್ನರರು ಬರೆದುಕೊಟ್ಟಿರುವ ಮಾತಿನಲ್ಲಿಯೂ ಯಾರ ಮೇಲಣ ಆಣೆಯೂ ಇಲ್ಲ.

ಹಾಗೆಂದು ಫಾಕ್ಸನ ಪಕ್ಷವು ಗೆದ್ದಿತೆಂದು ಹೇಳಬಹುದೇ? ನನಗೆ ಸಂದೇಹ. ಕೋರ್ಟಿನ ಎದುರಿನ ಬೆರಳಚ್ಚು ಮೇಜಿನಲ್ಲಿ ಅರ್ಧ ಗಂಟೆಯಲ್ಲಿ ಸಿದ್ಧವಾಗುವ ಅಫಿಡವಿಟ್ಟುಗಳ ಮೊದಲ ಸಾಲಿನಲ್ಲಿ ದೃಢವಚನದ ಗಂಭೀರವಾದ ವಿಶೇಷಣಗಳು ತಪ್ಪದೆ ಇರುತ್ತವೆ. ಸಹಿಮಾಡುವವನು ಅವನ್ನು ಓದುವುದಿಲ್ಲ, ಮುದ್ರೆಯೊತ್ತುವವನು ಕೇಳುವುದಿಲ್ಲ. ಛಾಪಾ ಕಾಗದದ ಮೇಲೆ ಹೇಳಿದ್ದು ಒಂದು, ಬಾಯಲ್ಲಿ ಹೇಳಿದ್ದು ಇನ್ನೊಂದು ಎಂಬ ಎರಡು ಖಾತೆಗಳು ಹಾಗೆಯೇ ಮುಂದುವರಿದಿವೆ. ಕಾನೂನಿಗೆ ವಾಕ್ಯವನ್ನು ಬದಲಿಸುವುದು ಸಾಧ್ಯವಾಯಿತು, ಪರ್ವತಪ್ರಸಂಗವು ಕೇಳಿದ್ದು ಬೇರೆ. ಆದರೂ ೧೯೬೯ರ ಕಾಯಿದೆಯ ಕೊನೆಯ ಕಲಮುಗಳಲ್ಲಿ, ಹೆಚ್ಚು ಜನರ ಕಣ್ಣಿಗೆ ಬೀಳದ ಒಂದು ಸಂಗತಿಯಿದೆ. ಸಾಕ್ಷಿಗೆ ಪ್ರಮಾಣ ಮಾಡಿಸುವುದು ಬಿಟ್ಟುಹೋದರೂ, ಮಾಡಿಸಿದ ರೀತಿಯಲ್ಲಿ ಲೋಪವಾದರೂ ಅವನ ಸಾಕ್ಷ್ಯವು ಕೆಡುವುದಿಲ್ಲ. ನಿಜ ಹೇಳಬೇಕಾದ ಅವನ ಹೊಣೆಯೂ ಅದರಿಂದ ತಪ್ಪುವುದಿಲ್ಲವೆಂದು ಏಳನೆಯ ಕಲಮು ಹೇಳುತ್ತದೆ. ಅದರ ಮುಂದಿನ ಕಲಮು, ಸಾಕ್ಷಿ ಹೇಳುವ ಪ್ರತಿಯೊಬ್ಬನೂ ಆ ವಿಷಯದಲ್ಲಿ ನಿಜವನ್ನು ನುಡಿಯಲು ಬದ್ಧನೆನ್ನುತ್ತದೆ; ಪ್ರಮಾಣ ಮಾಡಿರಬೇಕೆಂಬ ಷರತ್ತನ್ನು ಅದು ಹಾಕುವುದೇ ಇಲ್ಲ.